ಹಂದಿ ಮಾಂಸಕ್ಕೆ ಎಣ್ಣೆ ಯಾಕೆ ಮಾರಾಯ್ರೆ?

ಸಕಲೇಶಪುರ, ಮೂಡಿಗೆರೆ ಕಡೆ ಈಗ ಒಂದು ಹೊಸ ರೂಢಿ ಶುರುವಾಗಿದೆ. ಅಂಗಡಿಯಲ್ಲಿ ನಿಂತು ‘ನೆಣ ಎಲ್ಲಾ ತೆಗೆದುಬಿಡಿ’ ಅನ್ನುತ್ತಾರೆ, ಮನೆಗೆ ಬಂದು ಅದೇ ಮಾಂಸಕ್ಕೆ ಎರಡು ಸೌಟು ಸನ್‌ಫ್ಲವರ್ ಎಣ್ಣೆ ಸುರಿಯುತ್ತಾರೆ. ಇದೆಂಥ ಲೆಕ್ಕ?

ಹಂದಿಗೆ ಹೊರಗಿನ ಎಣ್ಣೆ ಒಂದು ಹನಿಯೂ ಬೇಡ. ನೆಣ ಜಾಸ್ತಿ ಇರುವ ತುಂಡುಗಳನ್ನು ಮೊದಲು ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಬಿಡಿ. ಅದೇ ಎಣ್ಣೆ ಬಿಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಅದರಲ್ಲೇ ಬಾಡಲಿ, ಆಮೇಲೆ ಉಳಿದ ಮಾಂಸ. ಹುರಿದು ಪುಡಿ ಮಾಡಿದ ಕಾಳುಮೆಣಸು ಕೊನೆಗೆ. ನಮ್ಮ ತೋಟದಲ್ಲೇ ಬೆಳೆಯುವ ಮೆಣಸಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಗೊತ್ತಿಲ್ಲ.

ಬರೀ ನೆಣ ಕೇಳಿದರೂ ಕೊಡುತ್ತಾರೆ. ಕಿಡ್ನಿ ಸುತ್ತ ಇರುವುದು ಸಿಕ್ಕರೆ ಬಿಡಬೇಡಿ, ಅದಕ್ಕೆ ವಾಸನೆ ಕಡಿಮೆ. ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಗೆ ಹಾಕಿ ಅರ್ಧ ಲೋಟ ನೀರು ಸೇರಿಸಿ. ನೀರು ಇರುವವರೆಗೆ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ನೆಣ ಕರಗುವ ಮೊದಲೇ ತಳ ಹಿಡಿಯುವುದಿಲ್ಲ. ಮೊದಲು ಮಬ್ಬಾಗಿ ಕುದಿಯುತ್ತದೆ, ಗುಳ್ಳೆ ದೊಡ್ಡದು, ಸದ್ದು ಜೋರು. ನೀರು ಆರುತ್ತಾ ಬಂದಂತೆ ಎಣ್ಣೆ ತಿಳಿಯಾಗಿ ಸದ್ದು ಇಳಿಯುತ್ತದೆ, ಚೂರುಗಳು ಹೊಂಬಣ್ಣಕ್ಕೆ ತಿರುಗಿ ಮುದುಡಿಕೊಳ್ಳುತ್ತವೆ. ಆಗಲೇ ಇಳಿಸಿ ಸೋಸಿಬಿಡಿ, ಕೆಂಪು ಮಾಡಲು ಹೋದರೆ ಸುಟ್ಟ ವಾಸನೆ ಹಿಡಿಯುತ್ತದೆ. ಆ ಚೂರುಗಳಿಗೆ ಉಪ್ಪು, ಖಾರದಪುಡಿ ಉದುರಿಸಿ ಇಟ್ಟರೆ ಡಬ್ಬಿ ಸೇರುವವರೆಗೂ ಉಳಿಯಲ್ಲ ಬಿಡಿ.

ಡಿಸೆಂಬರ್ ಚಳಿಗೆ ಸೋಸಿಟ್ಟ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಒಂದು ಚಮಚ ಕೆರೆದು ಕಾವಲಿಗೆ ಸವರಿ ಅಕ್ಕಿ ರೊಟ್ಟಿ ಬೇಯಿಸಿ ನೋಡಿ, ಅಂಚು ಗರಿಗರಿ, ನಡುವೆ ಮೆತ್ತಗೆ. ಕುರಿ ಕೊಬ್ಬಿನಲ್ಲಿ ಈ ಸುಖ ಇಲ್ಲ. ಸಾರು ತಣ್ಣಗಾಗುವುದೇ ತಡ, ತುಟಿಗೆ ಮೇಣದ ಹಾಗೆ ಅಂಟುತ್ತದೆ, ಬಿಸಿಬಿಸಿ ಇರುವಾಗಲೇ ಉಣ್ಣಬೇಕು. ನಾಟಿ ಕೋಳಿಯದ್ದು ಹಳದಿ, ಬೇಗ ಗಟ್ಟಿಯಾಗಲ್ಲ, ಮೊಟ್ಟೆ ಹುರಿಯೋಕೆ ಚೆನ್ನ.

ಕೊಲೆಸ್ಟ್ರಾಲ್ ಅಂತೀರಾ? ಅದನ್ನು ಏರಿಸುವ ಸ್ಯಾಚುರೇಟೆಡ್ ಕೊಬ್ಬಿನ ಭಾಗ ಹಂದಿ ನೆಣದಲ್ಲಿ ಹೆಚ್ಚುಕಡಿಮೆ ಶೇ 40. ತುಪ್ಪದಲ್ಲಿ ಶೇ 60 ದಾಟುತ್ತದೆ, ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಜಾಸ್ತಿ. ಹಾಗಂತ ಸೌಟುಗಟ್ಟಲೆ ತಿನ್ನಿ ಅಂತಲ್ಲ, ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿನೇ, ಮತ್ತು ಡಾಕ್ಟರು ಬೇಡ ಅಂದವರು ಅವರ ಮಾತೇ ಕೇಳಿ. ಆದರೆ ನೆಣ ಕಂಡರೆ ಮುಖ ಕಿವುಚುವವರೇ ವರ್ಷಗಟ್ಟಲೆ ವನಸ್ಪತಿಯಲ್ಲಿ ಕರಿದದ್ದನ್ನು ಚಪ್ಪರಿಸಿದರಲ್ಲ! ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಇನ್ನೂ ಕೆಟ್ಟದಾದ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಅಂತ ಕಟ್ಟುನಿಟ್ಟಾದದ್ದೇ 2022ರಲ್ಲಿ.

ಕಾಡುಹಂದಿ ರುಚಿ ಬೇರೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1972ರಿಂದ ವನ್ಯಜೀವಿ ಕಾಯ್ದೆ ಇದೆ, ಆ ಮಾತು ಬಿಡಿ, ಸಾಕಿದ ಹಂದಿಯ ನೆಣವೇ ಸಾಕು.

ಇನ್ನೊಂದು, ಹಂದಿ ತಿನ್ನದ ನೆಂಟರು ಬಂದಾಗ ರೊಟ್ಟಿ ಕಾವಲಿ ಬೇರೆಯದೇ ತೆಗೆಯಿರಿ. ತೊಳೆದಿದ್ದೀನಿ, ಏನೂ ಆಗಲ್ಲ ಅಂತ ಸುಮ್ನೆ ಬಡಿಸಬೇಡಿ.