‘ಏನು ಕೊಡಲಿ?’ ಅಂತ ಕೇಳಿದರೆ, ಸವೆಯುವಂಥದ್ದು ಕೊಡಿ ಅಂತೀನಿ

ವಾರಕ್ಕೆ ಎರಡು ದಿನ ಬೆಳಿಗ್ಗೆ ನಾನು ವಿಶೇಷ ಅಗತ್ಯವಿರುವ ಮಕ್ಕಳ ತರಗತಿಯೊಂದಕ್ಕೆ ಹೋಗುತ್ತೇನೆ. ನಾನು ಟೀಚರ್ ಅಲ್ಲ, ಥೆರಪಿಸ್ಟೂ ಅಲ್ಲ. ಕತ್ತರಿಸು ಅಂದಿದ್ದನ್ನು ಕತ್ತರಿಸುವುದು, ಅಂಟಿಸು ಅಂದಿದ್ದನ್ನು ಅಂಟಿಸುವುದು, ಚೆಲ್ಲಿದ್ದನ್ನು ಒರೆಸುವುದು, ಇಷ್ಟೇ ನನ್ನ ಕೆಲಸ. ಇದು ಗೊತ್ತಾದ ಮೇಲೆ ಪರಿಚಯದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: “ಆ ಮಕ್ಕಳಿಗೆ ಏನಾದ್ರೂ ಕೊಡಬೇಕು ಅಂತಿದ್ದೀನಿ. ಏನು ಕೊಡಲಿ?”

ಮೊದಮೊದಲು “ನಿಮಗೆ ತೋಚಿದ್ದು ಕೊಡಿ” ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ತೋಚಿದ್ದು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ತರಗತಿಯ ಗಾಜಿನ ಬಾಗಿಲಿನ ಬೀರುವೇ ಸಾಕ್ಷಿ. ಅದರೊಳಗೆ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಪಜಲ್‌ಗಳಿವೆ. ಮೂರು ಟ್ಯಾಬ್ಲೆಟ್‌ಗಳಿವೆ, ಅವುಗಳ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ. ಹಾಡುವ ಗೊಂಬೆಯೊಂದಿದೆ. ಅದು ಹಾಡಿದರೆ ಇಬ್ಬರು ಮಕ್ಕಳು ಕಿವಿ ಮುಚ್ಚಿಕೊಂಡು ಅಳುತ್ತಾರೆ. ಒಳ್ಳೆಯ ಸಾಮಾನನ್ನೂ ಹೊರಗೆ ತೆಗೆಯಲು ಟೀಚರ್‌ಗೆ ಹೆದರಿಕೆ. ಮುರಿದರೆ ಕೊಟ್ಟವರು ಏನಂದುಕೊಳ್ಳುತ್ತಾರೋ ಅಂತ.

ಬೀರುವಿನ ಹೊರಗೆ, ಮೇಜಿನ ಮೇಲೆ, ಅಂಟು ಬಿಟ್ಟ ವೆಲ್ಕ್ರೋ.

ಅದಕ್ಕೇ ನನ್ನ ಉತ್ತರ: ಸವೆಯುವಂಥದ್ದು ಕೊಡಿ. ಇದನ್ನು ಕೇಳಿದವರು ಸ್ವಲ್ಪ ನಿರಾಶರಾಗುತ್ತಾರೆ. ಕೊಟ್ಟಿದ್ದು ಬಹಳ ಕಾಲ ಉಳಿಯಲಿ ಅಂತ ಅಲ್ವಾ ಎಲ್ಲರಿಗೂ ಆಸೆ? ಆದರೆ ಕೈಯಿಂದ ಕಲಿಯುವ ಜಾಗದಲ್ಲಿ ಉಳಿದಿದ್ದು ಅಂದರೆ ಯಾರೂ ಮುಟ್ಟದೇ ಇದ್ದಿದ್ದು.

ಒಂದು ಉದಾಹರಣೆ ಹೇಳುತ್ತೇನೆ. ರಟ್ಟಿನ ಮೇಲೆ ಸ್ಯಾಂಡ್‌ಪೇಪರಿನಿಂದ ಕತ್ತರಿಸಿ ಅಂಟಿಸಿದ ಅಕ್ಷರಗಳಿರುತ್ತವೆ. ಮಗು ಅದರ ಮೇಲೆ ಎರಡು ಬೆರಳು ಇಟ್ಟು, ಬರೆಯುವ ದಿಕ್ಕಿನಲ್ಲೇ ಸವರುತ್ತಾ ಹೋಗಬೇಕು. ಕಣ್ಣಿಗೆ ಹತ್ತದ ಆಕಾರ ಬೆರಳಿಗೆ ಹತ್ತುತ್ತದೆ. ನಮ್ಮಲ್ಲಿ ಒಬ್ಬಳು ಹುಡುಗಿ ‘ಅ’ ಮೇಲೆ ಬೆರಳಾಡಿಸುತ್ತಾ ಯಾವಾಗಲೂ ಒಂದೇ ತಿರುವಿನಲ್ಲಿ ನಿಂತುಬಿಡುತ್ತಿದ್ದಳು. ಅಲ್ಲಿಂದ ಮುಂದೆ ಬೆರಳು ಎತ್ತಲೋ ಹೋಗುತ್ತಿತ್ತು. ಅವಳಿಗೆ ಆ ತಿರುವು ಕಷ್ಟ ಅಂತ ವಾರಗಟ್ಟಲೆ ಅಂದುಕೊಂಡಿದ್ದೆವು. ಒಂದು ದಿನ ನಾನೇ ಕಣ್ಣು ಮುಚ್ಚಿ ಸವರಿ ನೋಡಿದೆ. ಆ ತಿರುವಿನಲ್ಲಿ ಮರಳೇ ಇರಲಿಲ್ಲ! ಎಷ್ಟೋ ಮಕ್ಕಳ ಬೆರಳು ಓಡಾಡಿ ಕಾಗದ ನುಣ್ಣಗಾಗಿತ್ತು. ಅಕ್ಷರ ಅಲ್ಲಿಗೆ ಮುಗಿಯಿತು ಅಂತ ಅವಳ ಬೆರಳು ಸರಿಯಾಗಿಯೇ ಹೇಳುತ್ತಿತ್ತು. ತಪ್ಪು ನಮ್ಮದು. ಹೊಸ ಕಾಗದ ಅಂಟಿಸಿದ ದಿನ ಅವಳು ಆ ತಿರುವು ದಾಟಿದಳು.

ಈ ಸ್ಯಾಂಡ್‌ಪೇಪರ್ ಅಕ್ಷರ ಮಾಂಟೆಸ್ಸರಿ ಪದ್ಧತಿಯದ್ದು, ಅದಕ್ಕೆ ಒಂದು ಹಿನ್ನೆಲೆ ಇದೆ. ಇವತ್ತು ಮಾಂಟೆಸ್ಸರಿ ಅಂದ ಕೂಡಲೇ ದುಬಾರಿ ಶಾಲೆ ನೆನಪಾಗುತ್ತದೆ. ಆದರೆ ಆ ಪದ್ಧತಿಯ ಬೇರು ಇರುವುದು ಇಂಥ ಮಕ್ಕಳ ತರಗತಿಯಲ್ಲಿ. 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಇಟಾರ್ ಎಂಬ ವೈದ್ಯ, ಅವೆರಾನ್ ಕಾಡಿನ ಕಡೆ ಸಿಕ್ಕ, ಮಾತು ಬಾರದ ಹುಡುಗನೊಬ್ಬನಿಗೆ ಕಲಿಸಲು ಹೊರಟರು. ಕೈಯಲ್ಲಿ ಹಿಡಿಯುವಂಥ ಅಕ್ಷರಗಳನ್ನು ಮಾಡಿಸಿ ಕೊಟ್ಟರು. ಅವರ ಶಿಷ್ಯ ಸೆಗ್ವಾನ್ ಅದನ್ನು ಬೌದ್ಧಿಕ ಅಸಮರ್ಥತೆ ಇರುವ ಮಕ್ಕಳಿಗೆ ಕಲಿಸುವ ಪದ್ಧತಿಯಾಗಿ ಬೆಳೆಸಿದರು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ ಇಬ್ಬರನ್ನೂ ಓದಿ, 1900ರಲ್ಲಿ ರೋಮ್‌ನಲ್ಲಿ ಅಂಥ ಮಕ್ಕಳ ಜೊತೆಗೇ ಕೆಲಸ ಮಾಡಿದರು. ಉಳಿದ ಮಕ್ಕಳಿಗಾಗಿ ಅವರ ಮೊದಲ ‘ಮಕ್ಕಳ ಮನೆ’ ತೆರೆದಿದ್ದು 1907ರಲ್ಲಿ, ಆಮೇಲೆ. ಯಾರಿಗೋಸ್ಕರ ಹುಟ್ಟಿದ ಸಾಮಾನು ಯಾರ ಮನೆ ಸೇರಿತು ನೋಡಿ. ಕೊಡುವುದು ಅಂದರೆ ಒಂದು ರೀತಿ ಅದನ್ನು ವಾಪಸ್ ಮುಟ್ಟಿಸುವುದು ಅಂತ ನನಗೆ ಆಗಾಗ ಅನಿಸುತ್ತದೆ.

ಸರಿ, ಸವೆಯುವಂಥದ್ದು ಅಂದರೆ ಏನು? ವೆಲ್ಕ್ರೋ ಸುರುಳಿ. ಲ್ಯಾಮಿನೇಷನ್ ಹಾಳೆ. ಮಾತು ಬಾರದ ಮಗು ತನಗೆ ಬೇಕಾದ್ದನ್ನು ಚಿತ್ರದ ಕಾರ್ಡ್ ಕಿತ್ತು ಕೊಟ್ಟು ಕೇಳುತ್ತದಲ್ಲ, ಆ ಕಾರ್ಡಿಗೆ ಇವೆರಡೂ ಬೇಕು. ‘ನೀರು’ ಕಾರ್ಡ್ ಹರಿದುಹೋದರೆ ಆ ಮಗುವಿನ ಒಂದು ಪದವೇ ಹೋದಂತೆ. ಬ್ರೈಲ್ ಕಲಿಯುವವರಿಗೆ ದಪ್ಪ ಕಾಗದ ಬೇಕು, ಮಾಮೂಲಿ ಹಾಳೆ ತಡೆಯುವುದಿಲ್ಲ. ಆ ದಪ್ಪ ಕಾಗದದಲ್ಲೂ ಓದಿ ಓದಿ ಚುಕ್ಕಿಗಳು ಚಪ್ಪಟೆಯಾಗುತ್ತವೆ. ಬಣ್ಣ, ಅಂಟು, ಆಡುವ ಹಿಟ್ಟು, ಮಣಿ ಪೋಣಿಸುವ ದಾರ, ಎಡಗೈ ಮಕ್ಕಳಿಗೆ ಎಡಗೈ ಕತ್ತರಿ. ಬ್ಯಾಟರಿ! ಬ್ಯಾಟರಿಯನ್ನು ಯಾರೂ ಕೊಡುವುದೇ ಇಲ್ಲ.

ಬ್ಯಾಟರಿ ಅಂದೆನಲ್ಲ, ಒಂದು ಎಚ್ಚರಿಕೆ ಇದೆ. ನಾಣ್ಯದಂಥ ಚಿಕ್ಕ ಬಟನ್ ಬ್ಯಾಟರಿ ಇರುವ ಆಟಿಕೆ ಬೇಡವೇ ಬೇಡ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಚಿಕ್ಕ ಶಕ್ತಿಶಾಲಿ ಆಯಸ್ಕಾಂತವೂ ಅಷ್ಟೇ ಅಪಾಯ. ಎಲ್ಲವನ್ನೂ ಬಾಯಿಗೆ ಹಾಕಿ ನೋಡುವ ಮಕ್ಕಳು ಇಲ್ಲಿ ಹತ್ತು ಹನ್ನೆರಡು ವಯಸ್ಸಿನವರೂ ಇರುತ್ತಾರೆ. ಡಬ್ಬಿಯ ಮೇಲೆ ಬರೆದ ವಯಸ್ಸು ನೋಡಿ ಕೊಳ್ಳಬೇಡಿ. ಸ್ಕ್ರೂ ಹಾಕಿ ಮುಚ್ಚಿದ ಮುಚ್ಚಳದ, ಪೆನ್ಸಿಲ್ ಸೆಲ್ ಹಾಕುವ ಆಟಿಕೆಯಾದರೆ ಪರವಾಗಿಲ್ಲ. ಹಳೆಯ ಬಟ್ಟೆ ಗೊಂಬೆ, ತೊಳೆಯಲು ಆಗದ ಯಾವುದೂ ಬೇಡ.

ಕೈಕೆಲಸ ಗೊತ್ತಿರುವವರಿಗೆ ನಾನು ಬೇರೆಯದೇ ಉತ್ತರ ಕೊಡುತ್ತೇನೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ ಇರುವ ಮಗುವಿಗೆ ಆಟಿಕೆಯ ಸಣ್ಣ ಗುಂಡಿ ಒತ್ತಲು ಆಗದಿರಬಹುದು. ತಟ್ಟೆಯಷ್ಟು ಅಗಲದ ಸ್ವಿಚ್ ಇದ್ದರೆ ಅಂಗೈಯಿಂದಲೋ ಮೊಣಕೈಯಿಂದಲೋ, ತಲೆ ಒರಗಿಸಿಯೋ ಒತ್ತುತ್ತದೆ. ಆಟಿಕೆಯ ಬ್ಯಾಟರಿಯ ತಂತಿಯನ್ನು ಒಂದು ಕಡೆ ಕತ್ತರಿಸಿ, ಆ ಸ್ವಿಚ್ ಸಿಕ್ಕಿಸಲು ಸಾಕೆಟ್ ಕೂರಿಸಿದರೆ ಆಯಿತು. ಹಳೆಯ ಇಯರ್‌ಫೋನಿಗೆ ಇರುತ್ತಿತ್ತಲ್ಲ, ಆ 3.5 ಮಿಲಿಮೀಟರ್ ಪಿನ್ನೇ ಸಾಮಾನ್ಯವಾಗಿ ಇದಕ್ಕೂ ಆಗುತ್ತದೆ. ಸೋಲ್ಡರಿಂಗ್ ಗೊತ್ತಿದ್ದವರಿಗೆ ಇದೇನು ದೊಡ್ಡ ಕೆಲಸ ಅಲ್ಲ. ತಾನು ಒತ್ತಿದ್ದಕ್ಕೇ ಆ ಕಾರು ಓಡಿತು ಅಂತ ಮೊದಲ ಸಲ ಗೊತ್ತಾದಾಗ ಮಗು ಏನು ಮಾಡುತ್ತದೆ ಗೊತ್ತಾ? ನಗುವುದಿಲ್ಲ. ಗಂಭೀರವಾಗಿ ಇನ್ನೊಮ್ಮೆ ಒತ್ತುತ್ತದೆ. ಪರೀಕ್ಷೆ ಮಾಡುವವರ ಹಾಗೆ.

ಎಲ್ಲಕ್ಕಿಂತ ಜಾಸ್ತಿ ಸವೆಯುವುದು ಸಾಮಾನಲ್ಲ, ಕೈ. ಸಹಾಯಕಿಯರ ಕೈ. ಕಣ್ಣು ಕಿವಿ ಎರಡೂ ಇಲ್ಲದ ಮಗುವಿಗೆ ಕಲಿಸುವಾಗ ನಮ್ಮ ಕೈಯನ್ನು ಅದರ ಕೈ ಮೇಲೆ ಇಟ್ಟು ಎಳೆದಾಡಬಾರದು. ಕೆಳಗೆ ಇರಬೇಕಾದ್ದು ನಮ್ಮ ಕೈ, ಮೇಲೆ ಇರಬೇಕಾದ್ದು ಮಗುವಿನ ಕೈ. ಬೇಕಾದಾಗ ಅದು ತನ್ನ ಕೈ ತೆಗೆದುಕೊಳ್ಳಬೇಕು. ಹೀಗೆ ಕಲಿಸಲು ಒಂದು ಮಗುವಿಗೆ ಒಬ್ಬರು ಬೇಕು. ಹೀಗೇ ಕಣ್ಣು ಕಿವಿ ಎರಡೂ ಇಲ್ಲದೆ ಬೆಳೆದ ಹೆಲೆನ್ ಕೆಲರ್ ನೀರಿನ ಪಂಪಿನ ಹತ್ತಿರ ಮೊದಲ ಪದ ಹಿಡಿದ ಕಥೆ ಎಲ್ಲರಿಗೂ ಗೊತ್ತು. ಅವರ ಕಾಲೇಜಿನ ಖರ್ಚು ಯಾರು ಕೊಟ್ಟರು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಅಮೆರಿಕದ ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್‌ನ ಹೆನ್ರಿ ರಾಜರ್ಸ್ ಕೊಟ್ಟರು. ಅವರ ಟೀಚರ್ ಆನ್ ಸಲಿವನ್ ಪಕ್ಕದಲ್ಲಿ ಕೂತು ಪಾಠವನ್ನು ಅಕ್ಷರ ಅಕ್ಷರವಾಗಿ, ಬೆರಳಿನ ಸಂಕೇತಗಳಲ್ಲಿ ಹೆಲೆನ್ ಅಂಗೈಗೆ ಮುಟ್ಟಿಸಿದರು. 1904ರಲ್ಲಿ ಹೆಲೆನ್ ಪದವಿ ಪಡೆದರು. ರಾಜರ್ಸ್ ದುಡ್ಡು ಹಾಗೆ ಪದವಿಗೆ ಮುಟ್ಟಿದ್ದು ಇನ್ನೊಬ್ಬರ ಕೈಯ ಮೂಲಕ.

ಆದ್ದರಿಂದ ದುಡ್ಡೇ ಕೊಡುವವರಿಗೆ ನಾನು ಹೇಳುವುದು: ಸಹಾಯಕಿಯ ಸಂಬಳಕ್ಕೆ ಕೊಡಿ. ತಿಂಗಳು ತಿಂಗಳು ಕೊಡಿ, ಕಮ್ಮಿ ಆದರೂ ಪರವಾಗಿಲ್ಲ. ಒಮ್ಮೆ ದೊಡ್ಡ ಮೊತ್ತ ಬಂದರೆ ಒಂದು ಗೋಡೆಗೆ ಬಣ್ಣ ಬಳಿಯಬಹುದು. ಪ್ರತಿ ತಿಂಗಳು ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸಾಧ್ಯ. “ದುಡ್ಡು ಎಲ್ಲಿ ಹೋಗುತ್ತೋ ಏನೋ” ಅನ್ನುವವರು ಲೆಕ್ಕ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಲೆಕ್ಕ ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಕೊಡಬೇಡಿ.

ಆದರೆ ಫೋಟೋ ಕೇಳಬೇಡಿ. ಒಮ್ಮೆ ಬಂದವರೊಬ್ಬರು ಡಬ್ಬಿ ಹಿಡಿಸಿ, ಸಾಲಾಗಿ ನಿಲ್ಲಿಸಿ, “ನಗು ಪುಟ್ಟ, ನಗು” ಅಂತ ಇಪ್ಪತ್ತು ನಿಮಿಷ ಕಾಡಿದರು. ಒಬ್ಬ ಹುಡುಗ ಅವತ್ತು ಪೂರ್ತಿ ಮೇಜಿನ ಕೆಳಗಿಂದ ಈಚೆ ಬರಲಿಲ್ಲ. ವಿಶ್ವಸಂಸ್ಥೆ 2006ರಲ್ಲೇ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, 24ನೇ ವಿಧಿ, ಶಿಕ್ಷಣ ಇವರ ಹಕ್ಕು ಅನ್ನುತ್ತದೆ. ತನ್ನ ಹಕ್ಕಿನದನ್ನು ಪಡೆದುಕೊಂಡಿದ್ದಕ್ಕೆ ಮಗು ಯಾಕೆ ನಗಬೇಕು?

ಇತ್ತೀಚೆಗೆ ಈ ಪ್ರಶ್ನೆ ಕೇಳಿದ್ದು ನನ್ನ ಹಳೆಯ ಗೆಳತಿ. ಇಷ್ಟೆಲ್ಲ ಹೇಳುವ ಬದಲು ಟೀಚರ್ ಫೋನ್ ನಂಬರನ್ನೇ ಕೊಟ್ಟೆ. ಟೀಚರ್ ಕೇಳಿದ್ದು ಗುಂಡಿ. ಮರದ ಚೌಕಟ್ಟಿಗೆ ಎರಡು ತುಂಡು ಬಟ್ಟೆ ಬಿಗಿದು ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕಾಜ ಮಾಡಿರುತ್ತಾರೆ. ಮಕ್ಕಳು ಅದರಲ್ಲಿ ಗುಂಡಿ ಹಾಕಿ ತೆಗೆದು ಕಲಿಯುತ್ತಾರೆ, ಎಳೆದೆಳೆದು ಕೀಳುತ್ತಾರೆ. ಗೆಳತಿ ಈಗ ತಿಂಗಳಿಗೊಮ್ಮೆ ಸೂಜಿ ದಾರ ತೆಗೆದುಕೊಂಡು ಬರುತ್ತಾಳೆ. ಹೋದ ಸಲ ಅವಳು ಒಂಬತ್ತು ಗುಂಡಿ ಹೊಲಿದು ಎದ್ದಳು. ಬಾಗಿಲು ದಾಟುವಷ್ಟರಲ್ಲಿ ಅದರಲ್ಲೊಂದು ಕಿತ್ತು ಬಂದಿತ್ತು. ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತಳು.