ಕೆಂಪು ಗಿಡ ಬೇಕೆಂದ ಹುಡುಗ, ಪಾಚಿ ಸಾಕೆಂದ ಚಿಕ್ಕಮ್ಮ

ಅಕ್ಕನ ಮಗ ವಾಟ್ಸಾಪ್‌ನಲ್ಲಿ ಕಳಿಸಿದ ಗಿಡಗಳ ಪಟ್ಟಿ ನೋಡಿದ ಕೂಡಲೇ ಗೊತ್ತಾಯಿತು, ಹುಡುಗ ಯೂಟ್ಯೂಬ್ ನೋಡಿ ಕೆಟ್ಟಿದ್ದಾನೆ ಅಂತ. ರೋಟಾಲಾ ಮ್ಯಾಕ್ರಾಂಡ್ರಾ, ಲುಡ್ವಿಗಿಯಾ, ಅಲ್ಟರ್ನಾಂಥೆರಾ, ಎಲ್ಲ ಕೆಂಪು ಕೆಂಪು. ಕೆಳಗೆ ಹಾಸೋಕೆ ಮಾಂಟೆ ಕಾರ್ಲೋ. ಇವೆಲ್ಲ ಬೆಳೆಯಲಿ ಅಂತ ಒಂದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇರೆ. ಟ್ಯಾಂಕ್ ಇರುವುದು 2 ಅಡಿಯದ್ದು, ನೀರು ಹಿಡಿಯುವುದು ಹೆಚ್ಚೆಂದರೆ 50 ಲೀಟರ್, ಬಿಡಬೇಕೆಂದಿರುವುದು ಚೆರ್ರಿ ಸೀಗಡಿ.

"ಇದು ಸೀಗಡಿಗೋ, ನಿನ್ನ ಇನ್‌ಸ್ಟಾಗ್ರಾಮ್‌ಗೋ?" ಅಂತ ಕೇಳಿದೆ.

"ಎರಡಕ್ಕೂ ಚಿಕ್ಕಿ" ಅಂದ. ಭಾನುವಾರ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಶಿವಾಜಿನಗರಕ್ಕೆ ಹೊರಟ.

ಚೆರ್ರಿ ಸೀಗಡಿ ಅಂದರೆ ತಿನ್ನುವ ಸೀಗಡಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಲಿತರೂ ಉದ್ದ 3 ಸೆಂಟಿಮೀಟರ್ ಆಸುಪಾಸು. ಮೂಲ ಚೀನಾ, ತೈವಾನ್ ಕಡೆಯ ಹಳ್ಳ ತೊರೆಗಳದ್ದು, ಅಲ್ಲಿ ಅದರ ಬಣ್ಣ ಮಣ್ಣಿನ ಕಂದು. ಈ ಕೆಂಪೆಲ್ಲ ಸಾಕುವವರು ಆರಿಸಿ ಆರಿಸಿ ತಂದದ್ದು. ನಮ್ಮತ್ತೆ ಮಂಗಳೂರಿನವರು, ಸೀಗಡಿಗೆ ಎಟ್ಟಿ ಅನ್ನುವವರು. ನಮ್ಮ ಮನೆ ಟ್ಯಾಂಕ್ ನೋಡಿದಾಗಲೆಲ್ಲ "ಇಷ್ಟು ಸಣ್ಣ ಎಟ್ಟಿಯಲ್ಲಿ ಒಂದು ಚಟ್ನಿಯೂ ಆಗುವುದಿಲ್ಲ ಮಾರಾಯ್ತಿ" ಅನ್ನುತ್ತಾರೆ. ಹೌದು, ಆಗುವುದಿಲ್ಲ.

ಮೀನಿನ ಟ್ಯಾಂಕಲ್ಲಿ ಗಿಡ ಹೆಚ್ಚಾಗಿ ಅಲಂಕಾರಕ್ಕೆ. ಸೀಗಡಿಗೆ ಅದು ಊಟದ ತಟ್ಟೆ. ಗಿಡವನ್ನೇ ತಿನ್ನುತ್ತದೆ ಅಂತಲ್ಲ, ಗಿಡದ ಮೈಮೇಲೆ ಬ್ಯಾಕ್ಟೀರಿಯಾ, ಪಾಚಿ, ಕಣ್ಣಿಗೆ ಕಾಣದ ಸಣ್ಣಪುಟ್ಟ ಜೀವಿಗಳೆಲ್ಲ ಸೇರಿ ಒಂದು ತೆಳು ಲೋಳೆ ಕಟ್ಟುತ್ತವಲ್ಲ, ಅದು ಅದರ ಊಟ. ಒಂದು ಸಲ ಗಾಜಿಗೆ ಮೂಗು ತಾಗಿಸಿ ನೋಡಿ. ಮುಂದಿನ ಎರಡು ಜೊತೆ ಕಾಲಿನ ತುದಿಯಲ್ಲಿ ಪುಟ್ಟ ಇಕ್ಕಳ ಇರುತ್ತದೆ, ಇಕ್ಕಳದ ತುದಿಗೆ ಕೂದಲಿನ ಕುಚ್ಚು. ಎಲೆ ಕೆರೆಯುತ್ತದೆ, ಬಾಯಿಗೆ ಹಾಕುತ್ತದೆ, ಮತ್ತೆ ಕೆರೆಯುತ್ತದೆ, ಬಲಗೈ ಎಡಗೈ ಒಂದಾದ ಮೇಲೊಂದು, ಬಿಡುವೇ ಇಲ್ಲ. ಎದ್ದಿರುವಷ್ಟು ಹೊತ್ತೂ ಅದೇ ಕೆಲಸ. ಹಾಗಾಗಿ ಅಂಗಡಿಯಲ್ಲಿ ನಾನು ನೋಡುವುದು ಎಲೆಯ ಬಣ್ಣ ಅಲ್ಲ, ಕೆರೆಯೋಕೆ ಎಷ್ಟು ಜಾಗ ಇದೆ ಅನ್ನುವುದು. ಆಮೇಲೆ, ಆ ಜಾಗದ ಮೇಲೆ ಮೊದಲು ಯಾರು ಏನು ಸುರಿದಿದ್ದಾರೆ ಅನ್ನುವುದು. ಈ ಎರಡನೇದು ಜಾಸ್ತಿ ಮುಖ್ಯ, ಯಾಕೆಂದರೆ ಅದು ಕಣ್ಣಿಗೆ ಕಾಣಿಸುವುದಿಲ್ಲ.

ರಸೆಲ್ ಮಾರ್ಕೆಟ್ ಸುತ್ತಮುತ್ತ ಅಕ್ವೇರಿಯಂ ಅಂಗಡಿಗಳಿವೆ, ಬೆಂಗಳೂರಲ್ಲಿ ಮೀನು ಸಾಕುವವರಿಗೆಲ್ಲ ಗೊತ್ತು. ಭಾನುವಾರ ಕಾಲಿಡೋಕೆ ಜಾಗ ಇರುವುದಿಲ್ಲ. ಮೊದಲು ಹೊಕ್ಕ ಅಂಗಡಿಯಲ್ಲಿ ಗಿಡ ಇಟ್ಟಿದ್ದ ಟ್ಯಾಂಕಿನ ನೀರು ಹಳದಿ. ಅದೇ ನೀರಲ್ಲಿ ಒಂದಷ್ಟು ಗಪ್ಪಿ ಮೀನು. ನೀರು ಹಳದಿಯೋ ನೀಲಿಯೋ ಹಸಿರೋ ಇದ್ದರೆ ಮೀನಿನ ಕಾಯಿಲೆಗೆ ಔಷಧಿ ಬಿದ್ದಿದೆ ಅಂತಲೇ ಲೆಕ್ಕ. ಮೀನಿನ ಔಷಧಿಗಳಲ್ಲಿ ಕೆಲವಕ್ಕೆ ತಾಮ್ರ ಹಾಕಿರುತ್ತಾರೆ. ಮೀನು ತಡೆದುಕೊಳ್ಳುವಷ್ಟು ತಾಮ್ರ ಸೀಗಡಿಯನ್ನು ಕೊಂದುಬಿಡುತ್ತದೆ.

"ಇದಕ್ಕೆ ಏನು ಮೆಡಿಸಿನ್ ಹಾಕಿದ್ದೀರಾ?" ಅಂದೆ.

"ಏನೂ ಇಲ್ಲ ಮೇಡಂ, ನೀರೇ ಹಂಗೆ."

ಸರಿ, ಮುಂದಿನ ಅಂಗಡಿಗೆ ನಡಿ ಅಂದೆ ಹುಡುಗನಿಗೆ.

ಅಲ್ಲಿ ಮಾಲೀಕ ಹಿರಿಯರು. ಫೋಮಿನ ಪೆಟ್ಟಿಗೆ ಬಿಚ್ಚಿ, ಸೀಸದ ಪಟ್ಟಿ ಸುತ್ತಿದ ಗಿಡದ ಕಟ್ಟುಗಳನ್ನು ಜೋಡಿಸುತ್ತಿದ್ದರು. "ಸಿಂಗಾಪುರ್ ಮಾಲ್ ಮೇಡಂ, ನಿನ್ನೆ ಬಂದಿದ್ದು, ಒಂದು ಹುಳ ಇಲ್ಲ ನೋಡಿ." ಆ ಒಂದು ಹುಳ ಇಲ್ಲ ಅನ್ನುವ ಮಾತೇ ನನಗೆ ಭಯ. ದೇಶ ದಾಟುವ ಗಿಡದಲ್ಲಿ ಹುಳ ಹುಪ್ಪಟೆ ಇರಬಾರದು, ಅದಕ್ಕೆ ಕಳಿಸುವ ಮುಂಚೆ ಎಷ್ಟೋ ಕಡೆ ಕೀಟನಾಶಕದಲ್ಲಿ ಅದ್ದುತ್ತಾರೆ. ಸೀಗಡಿಗೂ ಕೀಟಕ್ಕೂ ಬಹಳ ದೂರದ ಸಂಬಂಧವೇನಲ್ಲ, ಕೀಟ ಸಾಯುವ ವಿಷಕ್ಕೆ ಇದೂ ಸಾಯುತ್ತದೆ. ಮನೆಯಲ್ಲಿ ಜಿರಳೆಗೆ ಸ್ಪ್ರೇ ಹೊಡೆಯುವಾಗ, ಸೊಳ್ಳೆಗೆ ಲಿಕ್ವಿಡ್ ಹಚ್ಚುವಾಗ ಟ್ಯಾಂಕ್ ಇರುವ ಕೋಣೆ ಬಿಟ್ಟು ಮಾಡಿ ಅಂತ ನಾನು ಬಾಯಿ ಬಡಿದುಕೊಳ್ಳುವುದೂ ಇದಕ್ಕೇ.

"ಊರಲ್ಲೇ ಬೆಳೆದಿದ್ದು ಏನಾದರೂ ಇದೆಯಾ ಸಾರ್? ಸೀಗಡಿಗೆ ಬೇಕು" ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿ, ಹಿಂದುಗಡೆ ನೆಲದ ಮೇಲಿದ್ದ ಟಬ್ ತೋರಿಸಿದರು.

ಟಬ್ಬಿನ ತುಂಬ ಜಾವಾ ಮಾಸ್, ಅಂದರೆ ದಾರದಂಥ ಎಳೆಗಳ ಹಸಿರು ಪಾಚಿಗಿಡ, ಬಿಡಿಸದ ಜಟೆ. ಅದರ ಮೇಲೆಲ್ಲ ಸಣ್ಣ ಸಣ್ಣ ಬಸವನಹುಳು. ಹುಡುಗ ಮುಖ ಕಿವುಚಿದ. "ಅಯ್ಯೋ ಬೇಡ ಚಿಕ್ಕಿ, ಬಸವನಹುಳು ಇದೆ." ನನಗೆ ಮಾತ್ರ ಖುಷಿಯಾಯಿತು. ತಾಮ್ರ ಇರುವ ನೀರಲ್ಲಿ ಬಸವನಹುಳು ಹೀಗೆ ಆರಾಮಾಗಿ ಓಡಾಡಿಕೊಂಡು ಇರುವುದಿಲ್ಲ. ಅದು ಬದುಕಿದೆ ಅಂದರೆ ಅಷ್ಟರಮಟ್ಟಿಗೆ ನೀರು ಸರಿ ಇದೆ. ಆದರೆ ಅಷ್ಟಕ್ಕೇ ನಂಬಬಾರದು. ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಇದ್ದರೆ ಬಸವನಹುಳುವಿಗೆ ಅಷ್ಟೇನೂ ಆಗದು, ಸೀಗಡಿ ಮಾತ್ರ ಉಳಿಯದು. ಹಾಗಾಗಿ ಮಾಸ್ ಎತ್ತಿ ಅಲ್ಲಾಡಿಸಿ ನೋಡಿದೆ. ಕೆಳಗಿಂದ ಧೂಳಿನ ಕಣದಷ್ಟು ಸಣ್ಣ ನೀರು ಚಿಗಟಗಳು ಚದುರಿ ಓಡಿದವು. ಸೀಗಡಿಯ ದೂರದ ನೆಂಟರವು, ಅಂಥ ವಿಷ ಇದ್ದಿದ್ದರೆ ಮೊದಲು ಹೋಗುತ್ತಿದ್ದವೇ ಅವು. "ಎರಡು ಹಿಡಿ ಕೊಡಿ" ಅಂದೆ.

ಮಾಸ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಪ್ರಕಾರ ಸೀಗಡಿ ಟ್ಯಾಂಕಿಗೆ ಬೇರೆ ಯಾವ ಗಿಡ ಇಲ್ಲದಿದ್ದರೂ ಇದೊಂದು ಇರಬೇಕು. ಹೆಣ್ಣು ಸೀಗಡಿ ಒಂದು ಸಲಕ್ಕೆ 20ರಿಂದ 30 ಮೊಟ್ಟೆಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು, ಈಜುಗಾಲು ಬೀಸುತ್ತಾ, ಹೆಚ್ಚುಕಡಿಮೆ ಒಂದು ತಿಂಗಳು ಹೊತ್ತು ತಿರುಗುತ್ತದೆ. ಮರಿ ಹುಟ್ಟುವಾಗಲೇ ದೊಡ್ಡ ಸೀಗಡಿಯದ್ದೇ ರೂಪ, ಉದ್ದ ಮಾತ್ರ ಸುಮಾರು 2 ಮಿಲಿಮೀಟರ್. ಅಷ್ಟು ಸಣ್ಣದು ಊಟ ಹುಡುಕಿಕೊಂಡು ದೂರ ಹೋಗುವುದಿಲ್ಲ, ಇದ್ದಲ್ಲೇ ಕೆರೆದು ತಿನ್ನಬೇಕು, ಇದ್ದಲ್ಲೇ ಅಡಗಬೇಕು. ಮಾಸಿನ ಎಳೆಗಳ ನಡುವೆ ಎರಡೂ ಸಿಗುತ್ತದೆ. ಬೆಳಕು ಜಾಸ್ತಿ ಕೇಳುವುದಿಲ್ಲ, ಸಿಲಿಂಡರ್ ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಒಂದು ಕಲ್ಲಿಗೆ ಹತ್ತಿ ದಾರದಲ್ಲಿ ಸುತ್ತಿ ಬಿಟ್ಟರೆ ಸಾಕು. ತುಂಬಾ ದಪ್ಪಗೆ ಸುತ್ತಬೇಡಿ ಅಷ್ಟೇ, ಒಳಗಿನದು ಕೊಳೆಯುತ್ತದೆ.

ಉಳಿದವು ಬೇಗ ಮುಗಿಯಿತು. ಅನೂಬಿಯಾಸ್ ನಾನಾ ಒಂದು, ಜಾವಾ ಫರ್ನ್ ಒಂದು. ಎರಡನ್ನೂ ಮಣ್ಣಲ್ಲಿ ಹೂಳಬಾರದು, ಬೇರು ಬಿಡುವ ಆ ದಪ್ಪ ಕಾಂಡ ಮುಚ್ಚಿಹೋದರೆ ಕೊಳೆತು ಗಿಡವೇ ಹೋಗುತ್ತದೆ. ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ಮೇಲೆ ತೇಲೋಕೆ ಒಂದೆರಡು ಅಂತರಗಂಗೆ, ಅದರ ಇಳಿಬಿದ್ದ ಬೇರಿಗೆ ಸೀಗಡಿ ಜೋತು ಬೀಳುವುದೇ ನೋಡೋಕೆ ಮಜಾ. ಒಂದು ಹಾರ್ನ್‌ವರ್ಟ್ ಕಟ್ಟು, ಹೊಸ ಟ್ಯಾಂಕಿನ ಅಮೋನಿಯಾ, ನೈಟ್ರೇಟ್ ಹೀರುತ್ತಾ ರಾಕ್ಷಸನ ಥರ ಬೆಳೆಯಲಿ ಅಂತ.

"ಹಾರ್ನ್‌ವರ್ಟ್‌ಗೆ ದುಡ್ಡು ಯಾಕೆ ಚಿಕ್ಕಿ, ನಮ್ಮ ಏರಿಯಾ ಕೆರೆಯಲ್ಲೇ ಇಂಥದ್ದು ರಾಶಿ ಬಿದ್ದಿದೆ" ಅಂದ. ಅದೇ ಬೇಡ ಅಂದೆ. ಬೆಂಗಳೂರಿನ ಎಷ್ಟೋ ಕೆರೆಗೆ ಬರುವುದು ಮೋರಿ ನೀರು. ಹಾರ್ನ್‌ವರ್ಟ್, ಹೈಡ್ರಿಲ್ಲಾ ಥರದ ಗಿಡಗಳು ನೀರಲ್ಲಿರುವ ಲೋಹವನ್ನು ಹೀರಿ ಮೈಯಲ್ಲೇ ಇಟ್ಟುಕೊಳ್ಳುತ್ತವೆ. ಅದೇ ಗುಣಕ್ಕೆ ಅವನ್ನು ನೀರು ಶುದ್ಧ ಮಾಡೋಕೂ ಬಳಸುತ್ತಾರೆ. ಒಳ್ಳೆಯ ಗುಣವೇ, ಆದರೆ ಆ ಲೋಹ ಹೊತ್ತ ಗಿಡವನ್ನು ತಂದು ಸೀಗಡಿಯ ಮುಂದೆ ಇಡೋಕಾಗುತ್ತಾ? ಮತ್ತೆ ಟ್ಯಾಂಕಲ್ಲಿ ಜಾಸ್ತಿಯಾದ ಅಂತರಗಂಗೆಯನ್ನು ಆ ಕೆರೆಗೆ ಹಾಕುವುದೂ ಬೇಡ, ಈಗಿರುವ ಹಸಿರು ಚಾಪೆಯೇ ಸಾಕು. ಒಣಗಿಸಿ ಕುಂಡಕ್ಕೆ ಹಾಕು ಅಂದೆ.

ಇಷ್ಟೆಲ್ಲ ಆದಮೇಲೂ ಹುಡುಗನ ಕಣ್ಣು ಕೆಂಪು ಗಿಡದ ಮೇಲೇ. ರೋಟಾಲಾ ಮ್ಯಾಕ್ರಾಂಡ್ರಾ ನಿಜಕ್ಕೂ ಚೆಂದ, ಸುಳ್ಳು ಹೇಳುವುದಿಲ್ಲ. ಅದು ನಮ್ಮ ದಕ್ಷಿಣ ಭಾರತದ್ದೇ ಗಿಡ, ಈಗ ಹೊರದೇಶದ ಲ್ಯಾಬಿನ ಪ್ಲಾಸ್ಟಿಕ್ ಕಪ್ಪಲ್ಲಿ ಕೂತು ವಾಪಸ್ ಬರುತ್ತದೆ. ಆದರೆ ಅದಕ್ಕೆ ಮೆದು ನೀರು, ಜೋರು ಬೆಳಕು, ಕಾರ್ಬನ್ ಡೈಆಕ್ಸೈಡ್ ಎಲ್ಲ ಬೇಕು. ಅಕ್ಕನ ಮನೆಯಲ್ಲಿ ಬರುವುದು ಬೋರ್‌ವೆಲ್ ನೀರು, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 600 ದಾಟುತ್ತದೆ. ಕಾವೇರಿ ನೀರನ್ನು ಕ್ಲೋರಿನ್ ತೆಗೆದು ಬೆರೆಸಿ 300ರ ಹತ್ತಿರ ತಂದುಕೊಂಡರೆ ಚೆರ್ರಿ ಸೀಗಡಿಗೆ ಪರವಾಗಿಲ್ಲ, ಪೊರೆ ಕಳಚಿ ಹೊಸ ಚಿಪ್ಪು ಕಟ್ಟಿಕೊಳ್ಳೋಕೆ ಅದಕ್ಕೆ ಸುಣ್ಣದ ಅಂಶ ಬೇಕೇ ಬೇಕು. ಆ ನೀರಲ್ಲಿ ಮ್ಯಾಕ್ರಾಂಡ್ರಾ ಸೊರಗುತ್ತದೆ. ಸಿಲಿಂಡರಿನ ಗ್ಯಾಸ್ ಸ್ವಲ್ಪ ಹೆಚ್ಚಾದರೂ ಮೊದಲು ಒದ್ದಾಡುವುದು ಸೀಗಡಿ. ವ್ಯಾಲಿಸ್ನೇರಿಯಾ ತಗೋ, ಗಡಸು ನೀರಿನ ಬೈಕಾರ್ಬೊನೇಟ್‌ನಿಂದಲೇ ಕಾರ್ಬನ್ ತೆಗೆದುಕೊಳ್ಳುತ್ತದೆ, ಗ್ಯಾಸ್ ಖರ್ಚೇ ಇಲ್ಲ ಅಂದರೆ, "ಅದು ಹುಲ್ಲಿನ ಥರ ಇದೆ" ಅಂದ. ಹುಲ್ಲಿನ ಥರವೇ ಇದೆ, ಏನೀಗ?

ಕೊನೆಗೆ ಒಪ್ಪಂದ ಆಯಿತು. ವ್ಯಾಲಿಸ್ನೇರಿಯಾ ನನ್ನ ಲೆಕ್ಕಕ್ಕೆ. ಅವನ ಲೆಕ್ಕಕ್ಕೆ ರೋಟಾಲಾ ರೋಟಂಡಿಫೋಲಿಯಾ, ಪ್ಲಾಸ್ಟಿಕ್ ಕಪ್ಪಲ್ಲಿ ಬರುವುದು, 300 ರೂಪಾಯಿ ಆಸುಪಾಸು. ಗ್ಯಾಸ್ ಇಲ್ಲದೆಯೂ ಬೆಳೆಯುತ್ತದೆ, ಬೆಳಕು ಚೆನ್ನಾಗಿದ್ದರೆ ತುದಿ ಗುಲಾಬಿಗೆ ತಿರುಗುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಈ ಟಿಶ್ಯೂ ಕಲ್ಚರ್ ಕಪ್ ದುಬಾರಿ ಹೌದು, ಆದರೆ ಗಾಳಿಯಾಡದ ಕಪ್ಪಿನೊಳಗೆ ಜೆಲ್ಲಿಯಲ್ಲಿ ಬೆಳೆದದ್ದು, ಹುಳವೂ ಇಲ್ಲ, ಹುಳದ ಔಷಧಿಯೂ ಇಲ್ಲ. ಜೆಲ್ಲಿ ಪೂರ್ತಿ ತೊಳೆದು ನೆಡಬೇಕು. ಅದೇ ರೋಟಾಲಾ ಪಕ್ಕದ ಬಕೆಟ್ಟಿನಲ್ಲಿ ಅಗ್ಗಕ್ಕೂ ಇತ್ತು. ಎತ್ತಿ ಹಿಡಿದರೆ ಕಡ್ಡಿ ಸೆಟೆದು ನಿಂತಿತು, ಎಲೆ ಗುಂಡಗೆ, ದಪ್ಪ. ಅಂದರೆ ನೀರಿನ ಹೊರಗೆ ಬೆಳೆಸಿದ್ದು. ನೀರಲ್ಲೇ ಬೆಳೆದದ್ದು ಕೈಯಲ್ಲಿ ಜೋತು ಬೀಳುತ್ತದೆ. ಹೊರಗೆ ಬೆಳೆದದ್ದನ್ನು ಮುಳುಗಿಸಿದರೆ ಹಳೇ ಎಲೆ ಕರಗಿ, ಆಮೇಲೆ ಹೊಸ ಎಲೆ ಬರುತ್ತದೆ. ಕಪ್ಪಿನದಕ್ಕೂ ಸ್ವಲ್ಪ ಹಾಗಾಗುವುದುಂಟು. ಆದರೆ ಬಕೆಟ್ಟಿನದು ಎಲ್ಲಿ ಬೆಳೆಯಿತು, ಏನು ಹೊಡೆದಿದ್ದರು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ.

ಮನೆಗೆ ಬಂದವನು ಸೀದಾ ಟ್ಯಾಂಕಿಗೆ ಹಾಕಲು ಹೊರಟ. ತಡೆದು, ಬಿಳಿ ಬೇಸಿನ್ ತಗೊಂಡು ಬಾ ಅಂದೆ. ಬಿಳಿದೇ ಆಗಬೇಕು, ಏನಿದ್ದರೂ ಎದ್ದು ಕಾಣುತ್ತದೆ. ಅದರಲ್ಲಿ ನೀರು ಹಾಕಿ, ಗಿಡ ಒಂದೊಂದೇ ಅಲುಬಿ, ಮೊಬೈಲ್ ಟಾರ್ಚ್ ಹಿಡಿದು ಕೂತೆವು. ಬಸವನಹುಳು, ಕೊಳೆತ ಎಲೆ, ಕಸ. ಹಾರ್ನ್‌ವರ್ಟ್ ಸರದಿ ಬಂದಾಗ ಬೇಸಿನ್ ತಳದಲ್ಲಿ ಒಂದು ಕಡ್ಡಿ ನಡೆಯಿತು. ಒಂದು ಸೆಂಟಿಮೀಟರ್ ಉದ್ದ, ಕಂದು ಹಸಿರು, ಆರು ಕಾಲು, ತಲೆಯ ಎರಡೂ ಬದಿಗೆ ಉಬ್ಬಿದ ಕಣ್ಣು, ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು. ಡ್ಯಾಮ್ಸೆಲ್‌ಫ್ಲೈ ಮರಿ, ನಮ್ಮ ಏರೋಪ್ಲೇನ್ ಚಿಟ್ಟೆಯ ಬಳಗದ್ದು. ಅದರ ಮುಂದೆ ಒಂದು ಸೊಳ್ಳೆ ಮರಿ ಬಿಟ್ಟೆ. ಕೆಳದವಡೆ ಚಿಮ್ಮಿ ಹೊರಬಂದು ಹಿಡಿದು ಒಳಗೆಳೆದದ್ದು ಎಷ್ಟು ಬೇಗ ಅಂದರೆ, ಹುಡುಗ ಇನ್ನೊಂದು ಬಿಡು ಚಿಕ್ಕಿ, ವಿಡಿಯೋ ಮಾಡಬೇಕು ಅಂದ. ಇದು ಟ್ಯಾಂಕ್ ಸೇರಿದ್ದರೆ ಸೀಗಡಿ ಮರಿಗಳನ್ನು ಹೀಗೇ ಒಂದೊಂದಾಗಿ ಮುಗಿಸುತ್ತಿತ್ತು, ನಾವು ನೀರು ಸರಿ ಇಲ್ಲವೇನೋ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆವು.

ಅನೂಬಿಯಾಸ್, ಜಾವಾ ಫರ್ನ್ ಎರಡನ್ನೂ ತಿಳಿ ನೇರಳೆ ಬಣ್ಣದ ಪೊಟ್ಯಾಶಿಯಂ ಪರ್ಮಾಂಗನೇಟ್ ನೀರಲ್ಲಿ 10 ನಿಮಿಷ ಇಟ್ಟು ತೊಳೆದೆವು. ಮಾಸ್ ಅದನ್ನು ತಡೆಯುವುದಿಲ್ಲ, ಸುಮ್ನೆ ನೀರು ಬದಲಿಸಿ ಬದಲಿಸಿ ಅಲುಬಿದೆವು. ಆಮೇಲೆ ಕಪ್ಪಿನ ಗಿಡ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಾಲ್ಕನಿಯ ಬಕೆಟ್ಟಿಗೆ. ಎರಡು ವಾರ ಅಲ್ಲೇ ಇರಲಿ, ಎರಡು ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಬದಲಿಸು, ಕೊನೆಗೆ ನಮ್ಮ ಮನೆಯಿಂದ ಬಣ್ಣ ಸರಿಯಾಗಿ ಬರದ ಸೀಗಡಿ ಒಂದೆರಡು ತಂದು ಅದರಲ್ಲಿ ಬಿಟ್ಟು ನೋಡೋಣ, ಅವು ಚೆನ್ನಾಗಿದ್ದರೆ ಟ್ಯಾಂಕಿಗೆ ಹಾಕು ಅಂದೆ. ಅಕ್ಕ ಬಂದವಳು ಬಕೆಟ್ ನೋಡಿ "ಡೆಂಗ್ಯೂ ಬರಿಸ್ತೀರಾ ಇಬ್ಬರೂ ಸೇರ್ಕೊಂಡು?" ಅಂತ ಬೈದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಹಳೇ ಸೊಳ್ಳೆ ಪರದೆಯ ತುಂಡು ಹುಡುಕಿ ಬಕೆಟ್ಟಿನ ಬಾಯಿಗೆ ಹಗ್ಗ ಕಟ್ಟಿ ಬಿಗಿದೆವು.

ಈಗ ಆ ಟ್ಯಾಂಕಲ್ಲಿ ಮಾಸ್ ಕಲ್ಲು ಮುಚ್ಚಿದೆ, ಹಾರ್ನ್‌ವರ್ಟ್ ವಾರಕ್ಕೊಮ್ಮೆ ಕತ್ತರಿಸಬೇಕು, ರೋಟಂಡಿಫೋಲಿಯಾ ಗುಲಾಬಿಯಾಗುವ ಮನಸ್ಸು ಮಾಡಿಲ್ಲ, ಹಸಿರಾಗೇ ಇದೆ. ಹೊಟ್ಟೆ ಕೆಳಗೆ ಮೊಟ್ಟೆ ಹೊತ್ತ ಹೆಣ್ಣುಗಳೂ ಕಾಣಿಸಿವೆ. ಹುಡುಗನಿಗೆ ಈಗ ಹೊಸ ಹುಚ್ಚು, ಕ್ರಿಸ್ಟಲ್ ರೆಡ್ ಸೀಗಡಿ ಬೇಕಂತೆ, ಕೆಂಪು ಬಿಳಿ ಪಟ್ಟೆಯದ್ದು. "ಅದಕ್ಕೆ ಈ ನೀರು ಆಗಲ್ಲ ಕಣೋ, ಆರ್‌ಒ ನೀರು ಬೇಕು, ಮಣ್ಣೂ ಬೇರೆ, ಟ್ಯಾಂಕೂ ಬೇರೆ. ಮೊದಲು ಅಮ್ಮನ್ನ ಕೇಳು" ಅಂದೆ. ಅಕ್ಕ ಅಡುಗೆಮನೆಯಿಂದಲೇ "ಆಗಲ್ಲ" ಅಂದಳು.