ಜಾಮೀನಿಗೆ ಸಹಿ ಹಾಕುವ ಮೊದಲು

ಗೋಕಾಕ, ಅಥಣಿ, ಜಮಖಂಡಿ, ಮುಧೋಳದ ಕಬ್ಬಿನ ಊರುಗಳಲ್ಲಿ ಪೈಪ್‌ಲೈನ್, ಬೋರ್‌ವೆಲ್, ಟ್ರ್ಯಾಕ್ಟರ್ ಅಂತ ಸಾಲ ಎತ್ತುವವರು ಜಾಮೀನುದಾರನನ್ನು ಹುಡುಕುತ್ತಲೇ ಇರುತ್ತಾರೆ. ಭಾನುವಾರ ಆರಾಧನೆ ಮುಗಿದು ಚಪ್ಪಲಿ ಮೆಟ್ಟುವಾಗ ಮಾತು ಬರುತ್ತದೆ: “ಅಣ್ಣಾರ, ಬರೇ ಒಂದ್ ಸಹಿ ಅಷ್ಟರೀ. ಕಂತೆಲ್ಲಾ ನಾನ ತುಂಬತೀನಿ.” ಕೇಳುವವನೂ ವಿಶ್ವಾಸಿ, ಕೇಳಿಸಿಕೊಳ್ಳುವವನೂ ವಿಶ್ವಾಸಿ. ಪವಿತ್ರಾತ್ಮನ ನಡೆಸುವಿಕೆ ಬೇಕಾಗುವುದು ಇಂಥ ಗಳಿಗೆಯಲ್ಲೇ.

ಯೇಸು ಶಿಷ್ಯರಿಗೆ, ತಾನು ಹೇಳಿದ್ದನ್ನೆಲ್ಲ ಆತ್ಮನು ನೆನಪಿಗೆ ತರುತ್ತಾನೆ ಎಂದು ಹೇಳಿದ್ದು ಯೋಹಾನ 14:26ರಲ್ಲಿದೆ. ನಾವು ಓದಿಯೇ ಇರದಿದ್ದರೆ ನೆನಪಿಗೆ ಬರುವುದಾದರೂ ಏನು? ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯ. ತಾರೀಖಿಗೊಂದು ಓದಿದರೆ ತಿಂಗಳಿಗೆ ಪುಸ್ತಕ ಮುಗಿಯುತ್ತದೆ. ಜಾಮೀನಿನ ಮಾತು 6, 11, 17, 20, 22ನೇ ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 22:27 ಅಂತೂ ನೇರವಾಗಿ ಕೇಳುತ್ತದೆ: ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ, ಮಲಗಿರುವ ಹಾಸಿಗೆಯನ್ನೂ ಯಾಕೆ ಕಳೆದುಕೊಳ್ಳಬೇಕು?

ಕಾಯ್ದೆಯೂ ಅದೇ ದಾರಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. “ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ” ಎನ್ನುವ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ. ಆದ್ದರಿಂದ ಪ್ರಾರ್ಥನೆಗೆ ಕೂರುವ ಮುಂಚೆ ಕಾಗದ ತರಿಸಿಕೊಳ್ಳಬೇಕು. ಅಸಲು ಎಷ್ಟು, ಬಡ್ಡಿ ಎಷ್ಟು, ಎಷ್ಟು ವರ್ಷ, ಹಳೆಯ ಬಾಕಿ ಇದೆಯೋ, ಹಾಳೆಯಲ್ಲಿ ಖಾಲಿ ಜಾಗ ಬಿಟ್ಟಿದ್ದಾರೋ ನೋಡಬೇಕು. ಆಮೇಲೆ ಗಂಡ ಹೆಂಡತಿ ಒಟ್ಟಿಗೆ ಕೂತು, ಪೂರ್ತಿ ಮೊತ್ತ ನಮ್ಮ ತಲೆಗೇ ಬಂದರೆ ಮಕ್ಕಳ ಫೀಸು, ಮನೆಯ ಕಾಳುಕಡಿ ನಿಲ್ಲದೆ ತೀರಿಸಬಹುದೇ ಎಂದು ಲೆಕ್ಕ ಹಾಕಬೇಕು. ಆಗುವುದಿಲ್ಲ ಎಂದಾದರೆ ಮತ್ತೊಂದು ಗುರುತಿಗಾಗಿ ಕಾಯುವ ಅಗತ್ಯವೇ ಇಲ್ಲ. ಹೀಗೆ ಸಿಕ್ಕ ಉತ್ತರವನ್ನು ಬದಲಿಸಿಕೊಳ್ಳಲು ಉಪವಾಸ ಮಾಡಬಾರದು.

ಯೆಹೋಶುವ 9ರಲ್ಲಿ, ಹತ್ತಿರದಲ್ಲೇ ವಾಸವಿದ್ದ ಗಿಬ್ಯೋನ್ಯರು ಬೂಷ್ಟು ಹಿಡಿದ ರೊಟ್ಟಿ, ತೇಪೆ ಹಾಕಿದ ಕೆರ ತೋರಿಸಿ ದೂರದವರೆಂದು ನಂಬಿಸಿದರು. ಇಸ್ರಾಯೇಲ್ಯರು ರೊಟ್ಟಿ ನೋಡಿದರು, ಯೆಹೋವನನ್ನು ಕೇಳಲಿಲ್ಲ. ಮೂರು ದಿನ ಕಳೆದಾಗ ನಿಜ ಬಯಲಾಯಿತು, ಅಷ್ಟರಲ್ಲಿ ಅವರನ್ನು ಜೀವದಿಂದ ಉಳಿಸುತ್ತೇವೆಂದು ಪ್ರಮಾಣ ಮಾಡಿಯಾಗಿತ್ತು. “ಇವತ್ತೇ ಸಹಿ ಆಗ್ಬೇಕ್ರಿ” ಅಂದರೆ ಅವತ್ತು ಸಹಿ ಬೇಡ.

“ಮನಸ್ಸಿಗೆ ಸಮಾಧಾನ ಸಿಕ್ಕಿತು, ಹಾಗಾಗಿ ದೇವರ ಚಿತ್ತ” ಎನ್ನುವುದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ದೇವರಿಂದ ಓಡಿಹೋಗುತ್ತಿದ್ದ ಯೋನನೂ ಹಡಗಿನ ಒಳಗೆ ಗಾಢ ನಿದ್ದೆಯಲ್ಲಿದ್ದ. ಬೇಡ ಅನ್ನುವ ಸಂಕೋಚ ತಪ್ಪಿತಲ್ಲ ಎಂಬ ನಿರಾಳವೂ ಸಮಾಧಾನದ ಹಾಗೇ ಕಾಣುತ್ತದೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನೂ ಹಿಡಿಯಬೇಡಿ. ಯಾರಾದರೂ ಪ್ರವಾದನೆ ಹೇಳಿದರೆ ಉಳಿದವರು ಅದನ್ನು ವಿವೇಚಿಸಲಿ ಎಂಬುದೇ 1 ಕೊರಿಂಥ 14:29ರ ಕ್ರಮ. ತ್ರೋವ ಪಟ್ಟಣದಲ್ಲಿ ದರ್ಶನ ಕಂಡವನು ಅಪೊಸ್ತಲ ಪೌಲ ಒಬ್ಬನೇ; ಮಕೆದೋನ್ಯಕ್ಕೆ ದೇವರು ಕರೆದಿದ್ದಾನೆ ಎಂದು ನಿಶ್ಚಯಿಸಿಕೊಂಡವರು ಜೊತೆಯವರೆಲ್ಲರೂ. ಆದ್ದರಿಂದ ಇಬ್ಬರನ್ನು ಕೇಳಿ. ಒಬ್ಬರು ಪ್ರಾರ್ಥನೆಯಲ್ಲಿ ಪಳಗಿದ ಹಿರಿಯರಾಗಿರಲಿ, ಇನ್ನೊಬ್ಬರು ಲೆಕ್ಕ ಬಲ್ಲವರು. ಇಬ್ಬರಿಗೂ ಆ ಸಾಲದಿಂದ ಲಾಭವಿರಬಾರದು.

ಬೇಡ ಎನ್ನುವಾಗ ಫೋನ್ ಎತ್ತದೆ ತಪ್ಪಿಸಿಕೊಳ್ಳುವುದು ಆತ್ಮನ ಫಲವಲ್ಲ. ಎದುರಿಗೆ ಹೋಗಿ, “ತಮ್ಮಾ, ಜಾಮೀನು ನನ್ನಿಂದ ಆಗೂದಿಲ್ಲ. ಈ ಐದು ಸಾವಿರ ಇಟ್ಕೋ, ತಿರುಗಿ ಕೊಡಬ್ಯಾಡ” ಎಂದು ಹೇಳಬಹುದು. ಅಷ್ಟೂ ಇಲ್ಲದಿದ್ದರೆ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಕಡಿಮೆ ಮೊತ್ತದ ಸಾಲ ವಿಚಾರಿಸಿ ಬನ್ನಿ.

ಈಗಾಗಲೇ ಸಹಿ ಹಾಕಿದವರಿಗೆ ಜ್ಞಾನೋಕ್ತಿ 6:1-5 ಇದೆ: ಹೋಗು, ತಗ್ಗಿಸಿಕೊ, ಕಾಡಿ ಬೇಡು, ಕಣ್ಣಿಗೆ ನಿದ್ದೆ ಕೊಡಬೇಡ. ಮನೆಯಲ್ಲಿ ಇವತ್ತೇ ಹೇಳಿ. ಸಾಲದ ಖಾತೆಯ ಉತಾರೆ ಕೇಳಿ, ಕಂತು ಕಟ್ಟಿದ ರಸೀದಿಯನ್ನು ಪ್ರತಿಸಲ ತೋರಿಸೆಂದು ಸಾಲಗಾರನಿಗೆ ತಿಳಿಸಿ. ಮತ್ತೆ ಮತ್ತೆ ಹಣ ಎತ್ತುವ ಖಾತೆಗೆ ಕೊಟ್ಟ ಮುಂದುವರಿಯುವ ಜಾಮೀನಾದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ಅದನ್ನು ನೋಟಿಸ್ ಕೊಟ್ಟು ಹಿಂತೆಗೆಯಲು ಅದೇ ಕರಾರು ಕಾಯ್ದೆಯ 130ನೇ ಕಲಮಿನಲ್ಲಿ ಅವಕಾಶವಿದೆ. ಕರಾರಿನ ಷರತ್ತುಗಳನ್ನು ವಕೀಲರಿಗೆ ತೋರಿಸಿಯೇ ನೋಟಿಸ್ ಕೊಡಿ. ನಿಮ್ಮ ಕೈಯಿಂದ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿದೆ, ಹಾಗಾಗಿ ಪ್ರತಿಯೊಂದು ಪಾವತಿಯ ರಸೀದಿಯನ್ನೂ ಜೋಪಾನವಾಗಿಡಿ.